ಶಾಟರಿಯ ಹ್ಯಾಥವೇ ಮನೆ: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲೆಂಡಿಗೆ ನೆಂಟರು ಬಂದಾಗಲೆಲ್ಲ ಒಂದು ದಿನ ಷೇಕ್ಸ್‌ಪಿಯರ್‌ನ ಊರಾದ ಸ್ಟ್ರಾಟ್‌ಫರ್ಡ್‌ಗೆ ಅಂತ ಇಟ್ಟಿರುತ್ತೇವೆ. ಅಲ್ಲಿಂದ ಒಂದು ಮೈಲಿ ಪಶ್ಚಿಮಕ್ಕೆ ಶಾಟರಿ ಎಂಬ ಹಳ್ಳಿ. ಅಲ್ಲಿರುವ ಆನ್ ಹ್ಯಾಥವೇ ಮನೆಯನ್ನು ಎಷ್ಟು ಸಲ ನೋಡಿದರೂ ನನಗೆ ಸಾಕೆನಿಸಿಲ್ಲ. ಜೊತೆಗೆ ಬಂದವರು ಕೇಳುವ ಪ್ರಶ್ನೆಗಳು, ಊರಿಗೆ ಹೋದ ಮೇಲೆ ಬರೆದು ಕೇಳುವ ಪ್ರಶ್ನೆಗಳು ಬಹುಪಾಲು ಒಂದೇ. ಸುಲಭದ್ದನ್ನು ಮೊದಲು, ಗಟ್ಟಿಯಾದದ್ದನ್ನು ಆಮೇಲೆ ಇಟ್ಟಿದ್ದೇನೆ.

## ಮೊದಲು ಕೇಳುವಂಥವು

ಇದು ಯಾರ ಮನೆ? ಷೇಕ್ಸ್‌ಪಿಯರ್ ಇಲ್ಲಿ ಇದ್ದನಾ?

ಇಲ್ಲ. ಇದು ಅವನ ಹೆಂಡತಿ ಆನ್ ಹ್ಯಾಥವೇಯ ತವರುಮನೆ. ಅವಳು 1556ರ ಆಸುಪಾಸಿನಲ್ಲಿ ಹುಟ್ಟಿದವಳು. 1582ರ ನವೆಂಬರ್‌ನಲ್ಲಿ ಮದುವೆಯಾದಾಗ ಅವಳಿಗೆ 26, ಅವನಿಗೆ 18. ಆಮೇಲೆ ಅವಳು ಸ್ಟ್ರಾಟ್‌ಫರ್ಡ್‌ಗೆ ಹೋದಳು. ಮನೆ ಹ್ಯಾಥವೇಗಳ ಕೈಯಲ್ಲೇ ಉಳಿಯಿತು. ಅವನು ಈ ಬಾಗಿಲಿಗೆ ಬಂದಿರುತ್ತಾನೆ ಅನ್ನುವುದು ಸಹಜವಾದ ಊಹೆ. ಆದರೆ ಮನೆಯ ಬೆಲೆ ಅಷ್ಟಕ್ಕೇ ನಿಲ್ಲುವುದಿಲ್ಲ. ಐನೂರು ವರ್ಷ ಇಂಗ್ಲಿಷ್ ಬೇಸಾಯಗಾರರು ಹೇಗೆ ಬದುಕಿದರು ಅನ್ನುವುದು ಇದರ ಮರ, ಮಣ್ಣು, ಮಸಿಯಲ್ಲಿ ಹಾಗೇ ಇದೆ.

ಇಷ್ಟು ದೊಡ್ಡ ಮನೆಗೆ ಕಾಟೇಜ್ ಅಂತ ಯಾಕೆ ಹೆಸರು?

ಹೆಸರು ಆಮೇಲೆ ಅಂಟಿದ್ದು. ಹ್ಯಾಥವೇಗಳ ಕಾಲದಲ್ಲಿ ಇದು ಹ್ಯೂಲ್ಯಾಂಡ್ಸ್ ಎಂಬ ಫಾರ್ಮ್. ಸುತ್ತ ಸುಮಾರು 90 ಎಕರೆ ಜಮೀನು. ಈಗ ಎಣಿಸಿದರೆ ಮನೆಯಲ್ಲಿ 12 ಕೋಣೆಗಳಿವೆ. ನಮ್ಮಲ್ಲಿ ಈಗ ಫಾರ್ಮ್‌ಹೌಸ್ ಅಂದರೆ ಶನಿವಾರ ಭಾನುವಾರ ಹೋಗಿ ಬರುವ ಜಾಗ. ಇದು ಹಾಗಲ್ಲ. ಇದು ಒಕ್ಕಲು ಮನೆ. ಉಳುವವರು, ಕುರಿ ಸಾಕುವವರು, ಹಾಲು ಕಾಯಿಸುವವರು ಇದ್ದ ಮನೆ.

ಆ ಕಾಲದ ಕಾಟೇಜ್ ಅಂದರೆ ಜಮೀನಿಲ್ಲದ ಕೂಲಿಯವನ ಸಣ್ಣ ಮನೆ. ಅಂಥ ಮನೆಗಳು ಹೆಚ್ಚಬಾರದು ಅಂತ ಮಾಡಿದ 1589ರ ಒಂದು ಕಾನೂನಿನ ಪ್ರಕಾರ ಹೊಸ ಕಾಟೇಜ್ ಕಟ್ಟಬೇಕಾದರೆ ಅದಕ್ಕೆ 4 ಎಕರೆ ಜಮೀನು ಬಿಡಬೇಕಿತ್ತು. ಅಂದರೆ ಕಾಟೇಜ್ ಅನ್ನುವ ಮಾತಿಗೆ ಆಗ ಬಡತನದ ವಾಸನೆ ಇತ್ತು. ಷೇಕ್ಸ್‌ಪಿಯರ್‌ನ ಮೇಲಿನ ಪ್ರೀತಿಯಿಂದ ಜನ ಇಲ್ಲಿಗೆ ಬರಲು ಶುರು ಮಾಡಿದ ಮೇಲೆ ಅದೇ ಮಾತು ಮುದ್ದಿನ ಮಾತಾಯಿತು. ನನಗೆ ಆ ಹೆಸರು ಇಷ್ಟವಿಲ್ಲ. ಅದನ್ನು ಕೇಳಿ ಒಳಗೆ ಹೋದವರು ಹ್ಯಾಥವೇಗಳನ್ನು ಬಡವರು ಅಂದುಕೊಳ್ಳುತ್ತಾರೆ.

ಎಷ್ಟು ಹಳೆಯದು?

ಯಾವ ಭಾಗ ಅಂತ ಕೇಳಬೇಕು. ಹಳೆಯ ಭಾಗ 1463ರ ಹೊತ್ತಿನದು. ಅದು ತಗ್ಗಾಗಿದೆ. ಅದಕ್ಕೆ ಜೋಡಿಸಿದಂತೆ ಎತ್ತರದ ಇನ್ನೊಂದು ಭಾಗವಿದೆ. ಅದು 17ನೇ ಶತಮಾನದ್ದು. ತೋಟದಲ್ಲಿ ನಿಂತು ನೋಡಿದರೆ ಛಾವಣಿ ಒಂದು ಕಡೆ ತಗ್ಗಿ ಇನ್ನೊಂದು ಕಡೆ ಏರುವುದು ಕಾಣುತ್ತದೆ. ಮನೆ ಬೆಳೆದ ಲೆಕ್ಕ ಅಲ್ಲೇ ಸಿಗುತ್ತದೆ.

ಒಳಗೆ ಹೋದರೆ ಮೊದಲು ಏನು ನೋಡಬೇಕು?

ಹಾಸುಗಲ್ಲಿನ ಇಕ್ಕಟ್ಟಾದ ಓಣಿ. ಎಲ್ಲರೂ ಅದನ್ನು ಸುಮ್ನೆ ದಾಟಿಬಿಡುತ್ತಾರೆ. ಹಳೆಯ ಇಂಗ್ಲಿಷ್ ಬೇಸಾಯದ ಮನೆಗೆ ಅದೇ ಬೆನ್ನುಮೂಳೆ. ಮುಂಬಾಗಿಲಿನಿಂದ ಹಿಂಬಾಗಿಲಿಗೆ ಮನೆಯನ್ನು ಅಡ್ಡ ಸೀಳಿಕೊಂಡು ಹೋಗುತ್ತದೆ. ಒಂದು ಕಡೆ ಹಾಲ್, ಅಂದರೆ ನಮ್ಮ ನಡುಮನೆ ಇದ್ದ ಹಾಗೆ. ಇನ್ನೊಂದು ಕಡೆ ಅಡುಗೆಮನೆ. ಕೂರುವ ಬದಿಯನ್ನೂ ಕೆಲಸದ ಬದಿಯನ್ನೂ ಈ ಓಣಿ ಬೇರೆ ಮಾಡುತ್ತದೆ.

ಬಾಗಿಲು ಇಷ್ಟು ಗಿಡ್ಡ ಯಾಕೆ? ಆಗಿನವರು ಕುಳ್ಳಗಿದ್ದರಾ?

ಈಗಿನವರಿಗಿಂತ ಸ್ವಲ್ಪ ಕಡಿಮೆ ಎತ್ತರ ಇದ್ದಿರಬಹುದು, ಆದರೆ ಕಾರಣ ಅದಲ್ಲ. ತೊಲೆ ಎಲ್ಲಿದೆಯೋ ಬಾಗಿಲು ಅದರ ಕೆಳಗೇ ಇರಬೇಕು. ಆಮೇಲೆ ನಡುವೆ ಮಹಡಿ ಹಾಕಿದಾಗ ಕೆಳಗಿನ ಎತ್ತರ ಇನ್ನೂ ಕಡಿಮೆಯಾಯಿತು. ಸಣ್ಣ ಬಾಗಿಲಿದ್ದರೆ ಚಳಿಯೂ ಕಡಿಮೆ. ತಲೆ ಬಗ್ಗಿಸಿ ಹೋಗಿ.

## ಕಟ್ಟಿದ ಬಗೆ

ಇಟ್ಟಿಗೆ ಗೋಡೆ ಕಾಣುತ್ತೆ, ಮರವೂ ಕಾಣುತ್ತೆ. ಭಾರ ಹೊರುತ್ತಿರೋದು ಯಾವುದು?

ಮರ. ಗೋಡೆ ಬರೀ ತುಂಬಿದ್ದು. ನಾಳೆ ಗೋಡೆಯನ್ನೆಲ್ಲ ಕೆಡವಿದರೂ ಓಕ್ ಮರದ ಚೌಕಟ್ಟು ಛಾವಣಿಯನ್ನು ಹೊತ್ತು ನಿಂತಿರುತ್ತದೆ. ಇದು ಮನಸ್ಸಿಗೆ ಹತ್ತಿದರೆ ಉಳಿದದ್ದೆಲ್ಲ ಸುಲಭ.

ಮೊದಲು ಕಲ್ಲಿನ ಗಿಡ್ಡ ತಳಪಾಯ. ನೆಲದ ತೇವ ಮರಕ್ಕೆ ಏರದಿರಲಿ ಅಂತ ಅದು. ಅದರ ಮೇಲೆ ಅಡ್ಡ ಮರ, ಕಂಬ, ತೊಲೆ. ನಡುವಿನ ಖಾನೆಗಳಲ್ಲಿ ಓಕ್ ಗೂಟ ನಿಲ್ಲಿಸಿ, ಹೇಜಲ್ ಗಿಡದ ಬರಲು ಹೆಣೆದು ತಡಿಕೆ ಮಾಡುತ್ತಿದ್ದರು. ಅದಕ್ಕೆ ಎರಡೂ ಕಡೆಯಿಂದ ಮಣ್ಣು, ಸಗಣಿ, ಕತ್ತರಿಸಿದ ಹುಲ್ಲು ಕಲಸಿ ಮೆತ್ತುತ್ತಿದ್ದರು. ಮೇಲೆ ಸುಣ್ಣ. ತಡಿಕೆ ಗೋಡೆಗೆ ಮಣ್ಣು ಮೆತ್ತಿದ್ದನ್ನು ಊರಲ್ಲಿ ಕಂಡವರಿಗೆ ಇದನ್ನು ವಿವರಿಸುವುದೇ ಬೇಡ. ಇಟ್ಟಿಗೆ ಅಗ್ಗವಾದ ಮೇಲೆ ಹಳೆಯ ತಡಿಕೆ ಹಾಳಾದ ಖಾನೆಗಳಿಗೆ ಇಟ್ಟಿಗೆ ತುಂಬಿದರು. ಹಾಗಾಗಿ ಒಂದೇ ಗೋಡೆಯಲ್ಲಿ ಎರಡೂ ಕಾಣುತ್ತದೆ.

ಮಹಡಿಯಲ್ಲಿ ಬಿಲ್ಲಿನಂತೆ ಬಾಗಿದ ದೊಡ್ಡ ಮರ ಇದೆಯಲ್ಲ, ಅದೇನು?

ಅದರ ಹೆಸರು ಕ್ರಕ್. ಈ ಮನೆಯ ಅತಿ ಹಳೆಯ, ನನಗೆ ಅತಿ ಪ್ರಿಯವಾದ ಭಾಗ.

ಹುಟ್ಟಾ ಬಾಗಿದ ಓಕ್ ಮರವನ್ನು ಹುಡುಕಿ ಕಡಿಯುತ್ತಿದ್ದರು. ಉದ್ದಕ್ಕೆ ಸೀಳಿದರೆ ಒಂದರ ಬಿಂಬದಂತೆ ಇನ್ನೊಂದು, ಎರಡು ಬಾಗಿದ ತುಂಡು ಸಿಗುತ್ತವೆ. ಅವನ್ನು ಎದುರುಬದುರು ನಿಲ್ಲಿಸಿದರೆ ನಮಸ್ಕಾರಕ್ಕೆ ಜೋಡಿಸಿದ ಕೈಯಂತೆ ತುದಿಯಲ್ಲಿ ಕೂಡುತ್ತವೆ. ಕಾಲು ಕೆಳಗೆ ತಳಪಾಯದ ಹತ್ತಿರ, ತಲೆ ಛಾವಣಿಯ ನೆತ್ತಿಯಲ್ಲಿ. ಗೋಡೆಯ ಕಂಬವೂ ಅದೇ, ಛಾವಣಿಯ ಆಧಾರವೂ ಅದೇ. ಇಂಥ ಜೋಡಿಗಳನ್ನು ಅಷ್ಟಷ್ಟು ದೂರಕ್ಕೆ ನಿಲ್ಲಿಸಿದರೆ ಮನೆಯ ಗೂಡು ತಯಾರು.

ಇಂಗ್ಲೆಂಡಿನ ನಡುಭಾಗ, ಪಶ್ಚಿಮ, ಉತ್ತರದಲ್ಲಿ ಕ್ರಕ್ ಮನೆಗಳು ಸಾಕಷ್ಟಿವೆ. ಆಗ್ನೇಯ ಮೂಲೆಯಲ್ಲಿ ಹುಡುಕಿದರೂ ಸಿಗುವುದು ಕಷ್ಟ. ಶಾಟರಿಯಲ್ಲಿ ಮಹಡಿಗೆ ಹತ್ತಿದಾಗ ಇದು ಕೈಗೆಟಕುವಷ್ಟು ಹತ್ತಿರದಲ್ಲಿದೆ. ಅಲ್ಲಿಟ್ಟಿರುವ ಹಳೆಯ ಮಂಚ ನೋಡುವ ಗಡಿಬಿಡಿಯಲ್ಲಿ ತಪ್ಪಿಸಿಕೊಳ್ಳಬೇಡಿ.

ಮೊಳೆಯೇ ಇಲ್ಲದೆ ಹೇಗೆ ನಿಂತಿದೆ?

ಗೂಟದ ಮೇಲೆ. ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ, ಇನ್ನೊಂದರಲ್ಲಿ ಅದಕ್ಕೆ ಸರಿಯಾದ ತೂತು ಕೊರೆದು ಸೇರಿಸುತ್ತಾರೆ. ಎರಡಕ್ಕೂ ಅಡ್ಡಲಾಗಿ ಓಕ್ ಗೂಟ. ಒಳಗುಟ್ಟು ಏನೆಂದರೆ, ಗೂಟದ ತೂತುಗಳನ್ನು ಬೇಕೆಂದೇ ಸ್ವಲ್ಪ ಆಚೀಚೆ ಕೊರೆಯುತ್ತಿದ್ದರು. ಗೂಟ ಬಡಿದಾಗ ಅದು ಎರಡೂ ಮರವನ್ನು ಎಳೆದು ಬಿಗಿ ಮಾಡುತ್ತದೆ.

ಮರವನ್ನು ಹಸಿಯಿರುವಾಗಲೇ ಕೆತ್ತುತ್ತಿದ್ದರು. ಒಣಗಿದ ಓಕ್ ಉಳಿಗೆ ಬಗ್ಗುವುದಿಲ್ಲ. ಕಟ್ಟಿದ ಮೇಲೆ ಮರ ಒಣಗುತ್ತಾ ತಿರುಚಿಕೊಳ್ಳುತ್ತಿತ್ತು, ಜೋಡಣೆ ಇನ್ನಷ್ಟು ಬಿಗಿಯಾಗುತ್ತಿತ್ತು. ಮಹಡಿಯ ನೆಲ ಓರೆಯಾಗಿರುವುದಕ್ಕೆ, ಗೋಡೆ ಸೊಟ್ಟಗಿರುವುದಕ್ಕೆ ಇದೂ ಒಂದು ಕಾರಣ. ನೋಡಿ ಹೆದರಬೇಡಿ.

ಹಳೆಯ ಹಡಗಿನ ಮರ ತಂದು ಕಟ್ಟಿದ್ದು ಅಂತಾರಲ್ಲ?

ಇಂಗ್ಲೆಂಡಿನಲ್ಲಿ ಹಳೆಯ ಮರದ ಮನೆ ಎಲ್ಲೇ ಇರಲಿ, ಈ ಮಾತು ಕೇಳಿಬರುತ್ತದೆ. ಶಾಟರಿ ಸಮುದ್ರದಿಂದ ಬಹಳ ದೂರ. ಪಕ್ಕದಲ್ಲೇ ಆರ್ಡನ್ ಸೀಮೆಯ ಮರಗಳಿದ್ದವು. ತೊಲೆ ಬಾಗಿದೆ, ಅದರಲ್ಲಿ ಈಗ ಬಳಕೆಯಲ್ಲಿಲ್ಲದ ತೂತುಗಳಿವೆ ಅಂತ ಜನ ಹಡಗಿನ ಕಥೆ ಕಟ್ಟುತ್ತಾರೆ. ಖಾಲಿ ತೂತು ಅಂದರೆ ಹಿಂದೆ ಅಲ್ಲಿ ಇನ್ನೊಂದು ಮರ ಕೂತಿತ್ತು ಎಂದಷ್ಟೇ. ಬಾಗಿಲು ಬದಲಾಗಿರಬಹುದು, ಅಡ್ಡಗೋಡೆ ಹೋಗಿರಬಹುದು.

ಹುಲ್ಲಿನ ಛಾವಣಿ ಇಂಗ್ಲೆಂಡಿನ ಮಳೆಗೆ ಸೋರುವುದಿಲ್ವಾ?

ಇಳಿಜಾರು ಸರಿಯಿದ್ದರೆ ಸೋರುವುದಿಲ್ಲ. ಸುಮಾರು 45ರಿಂದ 50 ಡಿಗ್ರಿ ಇಳಿಜಾರು ಇರಬೇಕು. ನೀರು ಮೇಲಿನ ಕೆಲವೇ ಅಂಗುಲ ತೋಯಿಸಿ ಜಾರಿಹೋಗುತ್ತದೆ. ಒಳಗಿನ ಹುಲ್ಲು ಒಣಗಿಯೇ ಇರುತ್ತದೆ. ಸೂರು ಗೋಡೆಯಿಂದ ಸಾಕಷ್ಟು ಮುಂದೆ ಚಾಚಿರುತ್ತದೆ, ಮಣ್ಣಿನ ಗೋಡೆ ನೆನೆಯದಿರಲಿ ಅಂತ.

ಈ ಸೀಮೆಯಲ್ಲಿ ಹಿಂದಿನಿಂದ ಬಂದದ್ದು ಗೋಧಿ ಹುಲ್ಲು. ನಾರ್‌ಫೋಕ್ ಕಡೆ ನೀರಲ್ಲಿ ಬೆಳೆಯುವ ಜೊಂಡು ಹಾಕುತ್ತಾರೆ, ಅದು ಜಾಸ್ತಿ ಬಾಳಿಕೆ. ಹುಲ್ಲಿನ ಕಟ್ಟುಗಳನ್ನು ಹೇಜಲ್ ಕಡ್ಡಿ ಬಗ್ಗಿಸಿ ಚುಚ್ಚಿ ಹಿಡಿಸುತ್ತಾರೆ. ಮೊದಲು ಹಾಳಾಗುವುದು ನೆತ್ತಿ. ಅದನ್ನು ಹತ್ತು ಹದಿನೈದು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟಬೇಕು. ಹಕ್ಕಿ ಕೀಳದಂತೆ ತಂತಿ ಬಲೆಯನ್ನೂ ಹಾಸುವುದುಂಟು.

## ಹೊಗೆ, ಒಲೆ, ಬೆಳಕು

ಹೊಗೆ ಎಲ್ಲಿಂದ ಹೋಗುತ್ತಿತ್ತು?

ಈ ಪ್ರಶ್ನೆಯನ್ನು ಕೇಳಿದವರು ನಮ್ಮ ಅತ್ತೆ. ಸೌದೆ ಒಲೆಯ ಮುಂದೆ ಮೂವತ್ತು ವರ್ಷ ಕೂತವರು. ಒಳಗೆ ಬಂದವರೇ ತಲೆಯೆತ್ತಿ ನೋಡಿ, "ಹೊಗೆ ಎಲ್ಲಿ ಹೋಗ್ತಿತ್ತಮ್ಮಾ?" ಅಂದರು. ಅಲ್ಲಿಯವರೆಗೆ ಎಷ್ಟೋ ಸಲ ಹೋಗಿದ್ದ ನಾನು ಆ ಮನೆಯನ್ನು ಆ ಕಣ್ಣಿನಿಂದ ನೋಡಿರಲಿಲ್ಲ. ಈ ಮನೆಯ ಇತಿಹಾಸವೆಲ್ಲ ಆ ಒಂದು ಪ್ರಶ್ನೆಗೆ ಉತ್ತರವಾಗಿ ಹೇಳಬಹುದು.

1460ರ ದಶಕದಲ್ಲಿ ಇಲ್ಲಿ ಚಿಮಣಿ ಇರಲಿಲ್ಲ, ಹಾಲ್‌ನ ಮೇಲೆ ಮಹಡಿಯೂ ಇರಲಿಲ್ಲ. ನೆಲದಿಂದ ಛಾವಣಿಯವರೆಗೆ ಒಂದೇ ಬಯಲು. ಇಂಥ ಮನೆಗಳಲ್ಲಿ ಬೆಂಕಿ ನೆಲದ ಮೇಲೆ ಉರಿಯುತ್ತಿತ್ತು. ಹೊಗೆ ಮೇಲೇರಿ ಕ್ರಕ್ ಮರಗಳ ನಡುವೆ ಸುಳಿದು, ಛಾವಣಿಯ ಸಂದಿಯಿಂದ ಹೊರಗೆ ಹೋಗುತ್ತಿತ್ತು. ಮಹಡಿ ಹಾಕುವುದು ಹೇಗೆ? ಹಾಕಿದರೆ ಹೊಗೆ ಕೆಳಗೇ ನಿಂತು ಉಸಿರು ಕಟ್ಟುತ್ತದೆ.

ಆಮೇಲೆ ಚಿಮಣಿ ಬಂತು. ಕಲ್ಲು, ಇಟ್ಟಿಗೆಯ ಗೂಡಿನೊಳಗೆ ಹೊಗೆ ಸಿಕ್ಕಿಹಾಕಿಕೊಂಡಿತು. ಆಗ ಮೇಲಿನ ಬಯಲು ಖಾಲಿಯಾಯಿತು. ಅಡ್ಡ ತೊಲೆ, ಜಂತೆ ಹಾಕಿ ಮಹಡಿ ಮಾಡಿದರು. ಮಲಗಲು ಬೇರೆ ಕೋಣೆ ಸಿಕ್ಕಿತು. ಇದು ಇದೊಂದೇ ಮನೆಯ ಕಥೆಯಲ್ಲ. 1570ರಿಂದ 1640ರವರೆಗೆ ಇಂಗ್ಲೆಂಡಿನ ಹಳ್ಳಿಗಳಲ್ಲೆಲ್ಲ ಮನೆಗಳು ಹೀಗೆ ಬದಲಾದವು ಅಂತ ಡಬ್ಲ್ಯೂ. ಜಿ. ಹಾಸ್ಕಿನ್ಸ್ ಎಂಬ ಇತಿಹಾಸಕಾರರು 1953ರಲ್ಲಿ ವಾದಿಸಿದರು. ಅವರು ಹೇಳಿದ ಕಾಲದ ಬಗ್ಗೆ ಆಮೇಲಿನವರು ತಕರಾರು ತೆಗೆದಿದ್ದಾರೆ, ಬದಲಾವಣೆಯ ಬಗ್ಗೆ ಅಲ್ಲ. ಆ ಕಾಲದವರ ಮಾತೇ ಇದೆ. ಎಸೆಕ್ಸ್‌ನ ಪಾದ್ರಿ ವಿಲಿಯಂ ಹ್ಯಾರಿಸನ್ 1577ರಲ್ಲಿ ಬರೆದಂತೆ, ಅವನ ಊರಿನ ಮುದುಕರು ತಾವು ಕಂಡ ದೊಡ್ಡ ಬದಲಾವಣೆಗಳಲ್ಲಿ ಮೊದಲು ಹೇಳುತ್ತಿದ್ದದ್ದು ಚಿಮಣಿಗಳು ಹೆಚ್ಚಾದದ್ದನ್ನೇ.

ಚಿಮಣಿಯ ಮೇಲೆ "ಐ.ಎಚ್. 1697" ಅಂತ ಯಾಕೆ ಕೆತ್ತಿದ್ದಾರೆ?

ಅದು ಜಾನ್ ಹ್ಯಾಥವೇ. ಆಗ ಜೆ ಅಕ್ಷರದ ಬದಲು ಐ ಬರೆಯುವ ರೂಢಿ ಇತ್ತು. ಇಸವಿ ಮನೆ ಕಟ್ಟಿದ್ದಕ್ಕಲ್ಲ, ಆ ಕೆಲಸಕ್ಕೆ. ಮನೆಗೆ ಆಗಲೇ ಇನ್ನೂರಕ್ಕೂ ಜಾಸ್ತಿ ವರ್ಷ ವಯಸ್ಸಾಗಿತ್ತು.

ಕಿಟಕಿಗೆ ಗಾಜು ಮೊದಲಿನಿಂದ ಇತ್ತಾ?

15ನೇ ಶತಮಾನದ ಇಂಥ ಮನೆಗಳಲ್ಲಿ ಸಾಮಾನ್ಯವಾಗಿ ಇರಲಿಲ್ಲ. ಮರದ ಸರಳು, ಒಳಗಿನಿಂದ ಹಲಗೆಯ ಮುಚ್ಚಳ, ಅಷ್ಟೇ. ಗಾಜು ದುಬಾರಿ. ಬೇಸಾಯಗಾರರ ಮನೆಗೆ ಅದು ಮೆಲ್ಲಗೆ ಬಂತು.

ಅಡುಗೆಮನೆಯ ಗೋಡೆಯೊಳಗಿನ ಗುಹೆಯಂಥದ್ದು ಏನು?

ಬ್ರೆಡ್ ಸುಡುವ ಗೂಡು. ಒಳಗೇ ಕಟ್ಟಿಗೆ ಉರಿಸಿ, ಗೂಡು ಚೆನ್ನಾಗಿ ಕಾದ ಮೇಲೆ ಕೆಂಡ ಬೂದಿ ಎಳೆದು ಹಾಕುತ್ತಿದ್ದರು. ಆಮೇಲೆ ಹಿಟ್ಟಿನ ಉಂಡೆಗಳನ್ನು ಇಟ್ಟು ಬಾಗಿಲು ಮುಚ್ಚುತ್ತಿದ್ದರು. ಕಾದ ಗೋಡೆಯ ಶಾಖದಲ್ಲೇ ಬೇಯಬೇಕು. ಮರದ ಬಾಗಿಲಾದರೆ ಬಳಸುವ ಮೊದಲು ನೀರಲ್ಲಿ ನೆನೆಸುತ್ತಿದ್ದರು, ಅಂಚಿಗೆ ಹಿಟ್ಟು ಮೆತ್ತಿ ಮುಚ್ಚುತ್ತಿದ್ದರು.

## ಇನ್ನೂ ಆಳಕ್ಕೆ ಹೋಗುವವರಿಗೆ

ಆನ್ ಇದ್ದಾಗ ಮನೆ ಹೇಗಿತ್ತು ಅಂತ ಗೊತ್ತಾಗುವುದು ಹೇಗೆ?

ಅವಳ ಅಪ್ಪನ ಉಯಿಲಿನಿಂದ ಸ್ವಲ್ಪ ಗೊತ್ತಾಗುತ್ತದೆ. ರಿಚರ್ಡ್ ಹ್ಯಾಥವೇ 1581ರಲ್ಲಿ ತೀರಿಕೊಂಡ. ಉಯಿಲಿನಲ್ಲಿ ಮಗಳನ್ನು ಆಗ್ನೆಸ್ ಅಂತ ಕರೆದು, ಅವಳ ಮದುವೆಯ ದಿನ ಕೊಡಬೇಕೆಂದು 6 ಪೌಂಡ್ 13 ಶಿಲ್ಲಿಂಗ್ 4 ಪೆನ್ಸ್ ಬಿಟ್ಟಿದ್ದ. ಆ ಮೊತ್ತ ಎಲ್ಲರಿಗೂ ಗೊತ್ತು. ಮನೆಯ ಬಗ್ಗೆ ಬರೆದ ಸಾಲು ಬಹಳ ಜನರಿಗೆ ಗೊತ್ತಿಲ್ಲ. ಹಾಲ್‌ನ ಗೋಡೆಗೆ ಹೊಡೆದ ಮರದ ಹಲಗೆಗಳನ್ನೂ ಪಾರ್ಲರ್‌ನ, ಅಂದರೆ ಮನೆಯವರ ಒಳಕೋಣೆಯ, ಎರಡು ಮಂಚಗಳನ್ನೂ ಹೆಂಡತಿ ಜೋನ್ ಇರುವವರೆಗೆ ಕದಲಿಸಬಾರದು ಅಂತ ಅವನು ಹೇಳಿದ್ದ.

ಈ ಒಂದು ಸಾಲಿನಿಂದ ಎಷ್ಟೊಂದು ತಿಳಿಯುತ್ತದೆ ನೋಡಿ. ಹಾಲ್ ಬೇರೆ, ಪಾರ್ಲರ್ ಬೇರೆ ಇದ್ದವು. ಪಾರ್ಲರ್‌ನಲ್ಲಿ ಮಲಗುತ್ತಿದ್ದರು. ಹಲಗೆ ಹೊಡೆಸುವಷ್ಟು ಅನುಕೂಲ ಇತ್ತು. ಗೋಡೆಯ ಹಲಗೆಯನ್ನು ಕಿತ್ತು ಒಯ್ಯಬಹುದಾದ ಆಸ್ತಿ ಅಂತ ಎಣಿಸುತ್ತಿದ್ದರು. ಗಂಡ ಹೋದ ಮೇಲೆ ಹೆಂಡತಿಯ ಕಣ್ಣೆದುರು ಮನೆ ಬರಿದಾಗಬಾರದು ಅನ್ನುವ ಕಾಳಜಿಯೂ ಅಲ್ಲಿದೆ.

ಮನೆ ಅವರ ಸ್ವಂತದ್ದಾ, ಬಾಡಿಗೆಯದ್ದಾ?

ಮೊದಲು ಒಕ್ಕಲು, ಆಮೇಲೆ ಸ್ವಂತ. 1543ರಲ್ಲಿ ಜಾನ್ ಹ್ಯಾಥವೇ, ಅಂದರೆ ಆನ್‌ಳ ತಾತ, ಜಮೀನುದಾರರಿಂದ ಹಿಡುವಳಿ ಪಡೆದಿದ್ದ. 1610ರಲ್ಲಿ ಆನ್‌ಳ ಸಹೋದರ ಬಾರ್ಥಾಲೊಮ್ಯೂ ಅದನ್ನು ಕೊಂಡುಕೊಂಡ. ಎತ್ತರದ ಭಾಗ ಎದ್ದ ಶತಮಾನವೂ ಅದೇ. ಮನೆ ತನ್ನದಾದ ಮೇಲೆ ಅದಕ್ಕೆ ದುಡ್ಡು ಹಾಕುವ ಧೈರ್ಯ ಬರುತ್ತದೆ, ಅಲ್ವಾ?

ಮರ ಕಡಿದ ವರ್ಷವನ್ನು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ?

ಮರದ ಉಂಗುರ ಎಣಿಸಿ. ಒಳ್ಳೆಯ ಮಳೆಯಾದ ವರ್ಷ ಉಂಗುರ ದಪ್ಪ, ಬರದ ವರ್ಷ ಸಣ್ಣ. ದಪ್ಪ ಸಣ್ಣಗಳ ಸಾಲು ಒಂದು ಸೀಮೆಯ ಓಕ್ ಮರಗಳಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಥರ. ತೊಲೆಯಿಂದ ಪೆನ್ಸಿಲ್ ದಪ್ಪದ ತುಂಡು ಕೊರೆದು ತೆಗೆದು, ಇಸವಿ ಗೊತ್ತಿರುವ ಸಾಲಿನ ಜೊತೆ ಹೊಂದಿಸುತ್ತಾರೆ. ತೊಗಟೆಯ ಕೆಳಗಿನ ಕೊನೆಯ ಉಂಗುರ ಉಳಿದಿದ್ದರೆ ಕಡಿದ ವರ್ಷವೇ ಸಿಗುತ್ತದೆ. ಹಸಿಮರದಲ್ಲೇ ಕಟ್ಟುತ್ತಿದ್ದರಿಂದ, ಕಡಿದ ವರ್ಷಕ್ಕೂ ಕಟ್ಟಿದ ವರ್ಷಕ್ಕೂ ಹೆಚ್ಚು ಅಂತರವಿಲ್ಲ.

ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಹತ್ತಿರದ ವಿಲ್ಮ್‌ಕೋಟ್ ಸಾಕ್ಷಿ. ಅಲ್ಲಿ ಎರಡು ಬೇಸಾಯದ ಮನೆಗಳು ಅಕ್ಕಪಕ್ಕದಲ್ಲಿವೆ. ಚೆಂದದ ಮರದ ಮನೆಯೇ ಷೇಕ್ಸ್‌ಪಿಯರ್‌ನ ತಾಯಿ ಮೇರಿ ಆರ್ಡನ್‌ಳದ್ದು ಅಂತ 18ನೇ ಶತಮಾನದಿಂದ ನಂಬಿದ್ದರು. 2000ದಲ್ಲಿ ದಾಖಲೆಗಳು ಸಿಕ್ಕವು. ಆ ಮನೆ ನೆರೆಯವನಾದ ಆಡಮ್ ಪಾಮರ್‌ನದು! ಆರ್ಡನ್‌ಗಳದ್ದು ಪಕ್ಕದ, ಹೊರಗಿನಿಂದ ಇಟ್ಟಿಗೆ ಹೊದ್ದು ಸಾಧಾರಣವಾಗಿ ಕಾಣುತ್ತಿದ್ದ ಗ್ಲೀಬ್ ಫಾರ್ಮ್. ಅದರ ಮರ ಪರೀಕ್ಷಿಸಿದಾಗ 1514ರ ಕಾಲ ಬಂತು. ಇನ್ನೂರು ವರ್ಷ ಜನ ಚೆಂದ ನೋಡಿ ಮೋಸಹೋಗಿದ್ದರು.

ಕಪ್ಪು ಮರ, ಬಿಳಿ ಗೋಡೆ. ಇದು ಹಳೆಯ ಬಣ್ಣವೇ?

ಹೆಚ್ಚಿನ ಕಡೆ ಅಲ್ಲ. ಓಕ್ ಮರಕ್ಕೆ ಏನೂ ಬಳಿಯದೆ ಬಿಟ್ಟರೆ ಬೆಳ್ಳಿ ಬೂದಿ ಬಣ್ಣಕ್ಕೆ ತಿರುಗುತ್ತದೆ. ಟಾರು ಬಳಿದು ಕಪ್ಪಗೆ ಮಾಡುವುದು ಬಹುಪಾಲು 19ನೇ ಶತಮಾನದ ರುಚಿ. ಹೂವಿನ ತೋಟದ್ದೂ ಅಷ್ಟೇ. ಅದಕ್ಕೆ ಈಗಿನ ರೂಪ ಬರಲು ಶುರುವಾಗಿದ್ದು 1920ರ ದಶಕದಲ್ಲಿ, ಎಲೆನ್ ವಿಲ್‌ಮಾಟ್ ಎಂಬ ತೋಟಗಾರ್ತಿಯ ಕೈಯಲ್ಲಿ. ಹ್ಯಾಥವೇಗಳ ಕಾಲದಲ್ಲಿ ಬೇಸಾಯದ ಅಂಗಳ ಇದ್ದ ಜಾಗ ಅದು.

ಬೆಂಕಿ ಬಿದ್ದಿತ್ತಂತೆ, ನಿಜವಾ? ರಿಪೇರಿಗೆ ಸಿಮೆಂಟ್ ಯಾಕೆ ಬಳಸಲ್ಲ?

ನಿಜ. 1969ರಲ್ಲಿ ಬೆಂಕಿ ಬಿದ್ದು ಹುಲ್ಲಿನ ಛಾವಣಿಗೂ ಮನೆಯ ಒಂದು ಭಾಗಕ್ಕೂ ಹಾನಿಯಾಯಿತು. ಆಮೇಲೆ ಸರಿಮಾಡಿದರು.

ಸಿಮೆಂಟ್ ವಿಷಯ ದೊಡ್ಡದು. ಮಣ್ಣು, ಸುಣ್ಣ, ಓಕ್ ಮೂರೂ ತೇವ ಹೀರುತ್ತವೆ, ಬಿಡುತ್ತವೆ. ಮರ ಅಲ್ಲಾಡಿದರೆ ಸುಣ್ಣದ ಗಾರೆ ಸ್ವಲ್ಪ ಬಗ್ಗುತ್ತದೆ. ಸಿಮೆಂಟ್ ಬಗ್ಗುವುದಿಲ್ಲ, ಮರದ ಅಂಚಿನಲ್ಲಿ ಬಿರುಕು ಬಿಡುತ್ತದೆ. ಮಳೆನೀರು ಒಳಗೆ ಇಳಿದರೆ ಹೊರಬರಲು ದಾರಿಯಿಲ್ಲ. ಒಳಗೊಳಗೇ ತೊಲೆ ಕೊಳೆಯುತ್ತದೆ. ಇಂಗ್ಲೆಂಡಿನ ಎಷ್ಟೋ ಹಳೆಯ ಮನೆಗಳು 20ನೇ ಶತಮಾನದಲ್ಲಿ ಹೀಗೇ ಹಾಳಾದವು. ಕೈಲಾದಷ್ಟು ಹಳೆಯದನ್ನು ಉಳಿಸಿ, ಕೆಟ್ಟಿರುವಷ್ಟನ್ನೇ ಬದಲಿಸಿ ಎಂದು ಕವಿ, ವಿನ್ಯಾಸಕಾರ ವಿಲಿಯಂ ಮಾರಿಸ್ ಮತ್ತು ಗೆಳೆಯರು 1877ರಲ್ಲೇ ಒಂದು ಸಂಘ ಕಟ್ಟಿ ಹೇಳಿದ್ದರು. ನನಗೆ ಅದೇ ಸರಿ ಅನ್ನಿಸುತ್ತದೆ. ಈ ಮನೆ ಸರ್ಕಾರದ ರಕ್ಷಣಾ ಪಟ್ಟಿಯಲ್ಲಿ ಗ್ರೇಡ್ 1. ಪಟ್ಟಿಯಲ್ಲಿರುವ ಕಟ್ಟಡಗಳಲ್ಲಿ ಶೇ. 2.5ರಷ್ಟಕ್ಕೆ ಮಾತ್ರ ಆ ದರ್ಜೆ. ಒಪ್ಪಿಗೆಯಿಲ್ಲದೆ ಅದರ ರೂಪ ಬದಲಿಸುವಂತಿಲ್ಲ.

ನಡುವೆ ಇದನ್ನು ಬೇರೆ ಬೇರೆ ಕಾಟೇಜ್‌ಗಳಾಗಿ ಮಾಡಿದ್ದರು ಅಂತ ಓದಿದೆ. ಅದೇನು ಕಥೆ?

ಇದನ್ನು ಕೇಳುವವರು ಕಡಿಮೆ. ಕೇಳಿದರೆ ನನಗೆ ಖುಷಿ.

18ನೇ ಶತಮಾನದಲ್ಲಿ ಹ್ಯಾಥವೇಗಳ ಗಂಡುಸಂತಾನ ನಿಂತು, ಮನೆ ಹೆಣ್ಣುಮಕ್ಕಳ ಕವಲಿಗೆ ಹೋಯಿತು. ಕೈ ಬಿಗಿಯಾಗಿ 1838ರಲ್ಲಿ ಮಾರಬೇಕಾಯಿತು. ಮಾರಿದರೂ ಮನೆತನದವರು ಅಲ್ಲೇ ಬಾಡಿಗೆಗೆ ಉಳಿದರು. 19ನೇ ಶತಮಾನದಲ್ಲಿ ಮನೆಯನ್ನು ವಿಂಗಡಿಸಿ ಬೇರೆ ಬೇರೆ ಸಂಸಾರಗಳಿಗೆ ಕೊಟ್ಟಿದ್ದರು. ಒಂದು ಒಕ್ಕಲು ಮನೆ ಸಾಲು ಕಾಟೇಜ್ ಆಯಿತು. ಆ ಕಾಲದಲ್ಲಿ ಇದು ಎಲ್ಲೆಲ್ಲೂ ನಡೆದದ್ದೇ. ಜಮೀನುಗಳು ಒಗ್ಗೂಡಿ ದೊಡ್ಡದಾದಾಗ ಹಳೆಯ ಬೇಸಾಯದ ಮನೆಗಳು ಬೇಡವಾಗಿ, ಕೂಲಿಯವರ ಸಂಸಾರಗಳಿಗೆ ಹಂಚಿಹೋದವು. ಮರದ ಮನೆಗೆ ಇದು ಕಷ್ಟವೂ ಅಲ್ಲ. ಎರಡು ಕ್ರಕ್ ಜೋಡಿಗಳ ನಡುವಿನ ಜಾಗವೇ ಒಂದು ಅಳತೆ. ಜೋಡಿ ಇರುವಲ್ಲಿ ಅಡ್ಡಗೋಡೆ ಎಬ್ಬಿಸಿದರೆ ಮನೆ ಎರಡಾಗುತ್ತದೆ.

1892ರಲ್ಲಿ ಷೇಕ್ಸ್‌ಪಿಯರ್ ಜನ್ಮಸ್ಥಳ ಟ್ರಸ್ಟ್ 3,000 ಪೌಂಡ್ ಕೊಟ್ಟು ಇದನ್ನು ಕೊಂಡಿತು. ಈಗ ಒಂದೇ ಮನೆಯಾಗಿ ತೋರಿಸುತ್ತಾರೆ. ಅದು ಅರ್ಥವಾಗುವ ತೀರ್ಮಾನ. ಆದರೂ ಆ ಬಾಡಿಗೆಯ ಸಂಸಾರಗಳು ಒಂದು ಮೂಲೆಯಲ್ಲಾದರೂ ಇನ್ನಷ್ಟು ಕಾಣಬೇಕಿತ್ತು ಅನ್ನುವುದು ನನ್ನ ಆಸೆ. ಗೋಡೆ ಮೆತ್ತಿ, ಒಲೆ ಉರಿಸಿ, ಮನೆ ಬೀಳದಂತೆ ಇಟ್ಟವರು ಅವರೇ. ಅವರಲ್ಲಿ ಒಬ್ಬಳು ಹ್ಯಾಥವೇ ವಂಶದ ಮೇರಿ ಬೇಕರ್. ದೂರದಿಂದ ಬಂದವರಿಗೆ ಬಾಗಿಲು ತೆಗೆದು, ಕೋಣೆ ಕೋಣೆ ಸುತ್ತಿಸಿ ಕಥೆ ಹೇಳುತ್ತಿದ್ದಳು. ಟ್ರಸ್ಟ್ ಕೊಂಡ ಮೇಲೂ ಅವಳು ಮನೆ ಬಿಡಲಿಲ್ಲ. 1899ರಲ್ಲಿ ಕಣ್ಣು ಮುಚ್ಚುವವರೆಗೂ ಅಲ್ಲೇ ಇದ್ದಳು.